ಕಾಯಿ ಅಲ್ಲಾಡಿಸುವ ಕೈಯ ಸಂಬಳ ಯಾರದು?

ಕಡೂರಿನ ಆಸುಪಾಸಿನ ಹಳ್ಳಿಯಲ್ಲಿ, ತೋಟದವರಿಂದ ಕಾಯಿ ಕೊಂಡು ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡಿ ಮಾರುವ ಮನೆಯೊಂದಕ್ಕೆ ಹೋಗಿದ್ದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿಯನ್ನು ಇಳಿಸಿ ರಾಶಿ ಹಾಕಿದ್ದರು. ಮನೆಯಾಕೆ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಂದರೆ ಸುಲಿಯುವ ರಾಶಿಗೆ, ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ. ನನ್ನ ಕೈಗೂ ಒಂದು ಕೊಟ್ಟರು. ನನಗೆ ಏನೂ ತಿಳಿಯಲಿಲ್ಲ. ‘ಅದಕ್ಕಿನ್ನೂ ಒಂದು ತಿಂಗಳು ಬೇಕು ಅಣ್ಣ’ ಅಂದರು.

ಅವರ ಯಜಮಾನರ ಚಿಂತೆ ಬೇರೆ ಇತ್ತು. ‘ಇವಳ ಹೆಸರಲ್ಲಿ ಆದಾಯವೇ ಇಲ್ಲ. ಸರ್ಕಾರ ತಲೆಗೆ ನಾಲ್ಕು ಲಕ್ಷ ತೆರಿಗೆ ಇಲ್ಲದೆ ಬಿಡ್ತದಲ್ಲ, ಇವಳದು ಸುಮ್ನೆ ಹೋಗ್ತದೆ. ಅದನ್ನ ನನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳೋಕೆ ಆಗಲ್ವಾ?’

ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದಿಷ್ಟು ಆಗುತ್ತದೆ. 2015ರಿಂದ ಅಲ್ಲಿ ಆದಾಯ ಕಡಿಮೆ ಇರುವ ಗಂಡ ಅಥವಾ ಹೆಂಡತಿ ತಮ್ಮ ವಿನಾಯಿತಿಯಲ್ಲಿ ಒಂದು ಪಾಲನ್ನು (ಈಗ 1,260 ಪೌಂಡ್) ಸಂಗಾತಿಗೆ ಬಿಟ್ಟುಕೊಡಬಹುದು. ವರ್ಷಕ್ಕೆ 252 ಪೌಂಡಿನವರೆಗೆ ತೆರಿಗೆ ಉಳಿಯುತ್ತದೆ. ಸ್ವಂತ ದಂಧೆಯವರಿಗೂ ಅದು ಸಿಗುತ್ತದೆ. ನಮ್ಮಲ್ಲಿ ಗಂಡ ಬೇರೆ, ಹೆಂಡತಿ ಬೇರೆ. ಒಬ್ಬರದು ಇನ್ನೊಬ್ಬರಿಗೆ ಹೋಗುವ ದಾರಿಯೇ ಇಲ್ಲ.

ಇದರ ಏಟು ಎಷ್ಟು ಅನ್ನುವುದನ್ನು 2025-26ರ ಹೊಸ ಪದ್ಧತಿಯ ದರದಲ್ಲೇ ನೋಡಿ. ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದು ತಲಾ ಏಳೂವರೆ ಲಕ್ಷ ದುಡಿದರೆ, 12 ಲಕ್ಷದವರೆಗಿನ ರಿಯಾಯಿತಿಯಿಂದಾಗಿ ಆ ಮನೆಗೆ ತೆರಿಗೆ ಸೊನ್ನೆ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಸೇರಿ ಅಂಗಡಿ ನಡೆಸಿ ಅದೇ 15 ಲಕ್ಷ ಲಾಭ ಮಾಡಿದರೆ, ಅದಷ್ಟೂ ಗಂಡನ ಹೆಸರಿಗೆ ಬಂದು ಸೆಸ್ಸೂ ಸೇರಿ 1,09,200 ರೂಪಾಯಿ ಕಟ್ಟಬೇಕು. ಎರಡೂ ಮನೆಯಲ್ಲಿ ದುಡಿದವರು ಇಬ್ಬಿಬ್ಬರೇ.

ಹಾಗಾದರೆ ಹೆಂಡತಿಗೆ ಸಂಬಳ ಕೊಟ್ಟುಬಿಡೋಣ ಅಂದರೆ, ಅಲ್ಲಿ ಕಾನೂನು ಮಾತು ಬದಲಿಸುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 64ನೇ ಕಲಮಿನ ಪ್ರಕಾರ, ಗಂಡನಿಗೆ ಗಣನೀಯ ಪಾಲಿರುವ ವ್ಯವಹಾರದಿಂದ ಹೆಂಡತಿಗೆ ಬಂದ ಸಂಬಳ ಗಂಡನ ಆದಾಯಕ್ಕೇ ಸೇರುತ್ತದೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಇದ್ದು, ಆ ಜ್ಞಾನ-ಅನುಭವಕ್ಕೇ ಸಂಬಳ ಬಂದಿದ್ದರೆ ಮಾತ್ರ ವಿನಾಯಿತಿ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯೂ ಇದನ್ನು ಕೈಬಿಟ್ಟಿಲ್ಲ. ವಿನಾಯಿತಿ ಕೇಳಿದರೆ ನೀವು ಇಬ್ಬರು, ತೆರಿಗೆ ಕಟ್ಟುವಾಗ ನೀವು ಒಬ್ಬರು! ಅದೇ ಕೆಲಸಕ್ಕೆ ಬೀದಿಯಾಚೆಯ ಹೆಣ್ಣುಮಗಳನ್ನು ಕರೆದು ಕೂಲಿ ಕೊಟ್ಟು ಲೆಕ್ಕ ಬರೆದರೆ ಅದು ವ್ಯಾಪಾರದ ಖರ್ಚು, ಆಕೆಯ ಸ್ವಂತ ಆದಾಯ.

ಕಾಯಿಯ ಸದ್ದು ಹಿಡಿಯುವ ಕಿವಿಗೆ ಯಾವ ಕಾಲೇಜು ಸರ್ಟಿಫಿಕೇಟ್ ಕೊಡುತ್ತದೆ? ತರೀಕೆರೆ ಕಡೆ ಅಡಿಕೆ ತೋಟ ಚೇಣಿ ಹಿಡಿದವರ ಮನೆಯಲ್ಲಿ ಸುಲಿಯುವವರ ಲೆಕ್ಕ ಇಟ್ಟು, ಚೊಗರಿನ ಹದ ನೋಡುವವರು ಹೆಂಗಸರು. ಅಜ್ಜಂಪುರದ ಈರುಳ್ಳಿ ವ್ಯಾಪಾರದ ಮನೆಯಲ್ಲಿ ಕೊಳೆತದ್ದನ್ನು ಕೈಯಲ್ಲೇ ಗುರುತಿಸಿ ಬೇರೆ ಮಾಡುವವರೂ ಅವರೇ. ಅರ್ಹತೆ ಅಂದರೆ ಪದವಿಯೇ ಆಗಬೇಕಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ ಬತ್ತ ಕಲ್ಯಾಣಿ ಪ್ರಕರಣದಲ್ಲಿ 1980ರ ದಶಕದಲ್ಲೇ ಹೇಳಿದೆ. ಆದರೆ ಸಣ್ಣ ವ್ಯಾಪಾರಿ ತೀರ್ಪು ಹಿಡಿದುಕೊಂಡು ಅಧಿಕಾರಿಯ ಮುಂದೆ ವಾದಿಸಲು ಹೋಗುವುದಿಲ್ಲ, ಕೇಳಿದ್ದು ಕಟ್ಟಿ ಬರುತ್ತಾನೆ.

ಇನ್ನು ಕೆಲವರು ಗಂಡನ ದುಡ್ಡನ್ನು ಹೆಂಡತಿಯ ಹೆಸರಲ್ಲಿ ಡಿಪಾಸಿಟ್ ಇಟ್ಟು, ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎಂದು ಬ್ಯಾಂಕಿಗೆ ಫಾರಂ ಕೊಟ್ಟು, ಬಡ್ಡಿ ಆಕೆಯದೇ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಅದು ತಪ್ಪು. ಕೊಟ್ಟ ದುಡ್ಡು ಗಂಡನದಾದರೆ ಬಡ್ಡಿಯೂ ಗಂಡನ ಲೆಕ್ಕಕ್ಕೇ. ತವರಿನಿಂದ ಬಂದದ್ದರಂಥ ಆಕೆಯ ಸ್ವಂತ ದುಡ್ಡಿನ ಬಡ್ಡಿ ಮಾತ್ರ ಆಕೆಯದು.

ಹೆಂಡತಿಯ ಆದಾಯವನ್ನು ಗಂಡನದಕ್ಕೆ ಸೇರಿಸುವ ನಿಯಮಗಳು ಮೊದಲು ಬಂದದ್ದು 1937ರಲ್ಲಿ, ಬ್ರಿಟಿಷರ ಕಾಲದ ತಿದ್ದುಪಡಿಯಾಗಿ. ಹಣವಂತರು ಹೆಂಡತಿ ಮಕ್ಕಳ ಹೆಸರಿಗೆ ಆದಾಯ ಹಂಚಿ ತಪ್ಪಿಸಿಕೊಳ್ಳುತ್ತಿದ್ದಾರೆಂಬುದು ಆಗಿನ ದೂರು. ಆ ದೂರಿನಲ್ಲಿ ಹುರುಳಿತ್ತು, ಈಗಲೂ ಇದೆ. ಆದರೆ ಸಂಬಂಧಿಕರಿಗೆ ಕೊಟ್ಟ ಸಂಬಳ ವಿಪರೀತ ಅನ್ನಿಸಿದರೆ ಆ ಹೆಚ್ಚುವರಿಯನ್ನು ತಳ್ಳಿಹಾಕುವ ಅಧಿಕಾರ 1961ರ ಕಾಯ್ದೆಯ 40ಎ ಕಲಮಿನ ಕಾಲದಿಂದಲೂ ಅಧಿಕಾರಿಗೆ ಇದ್ದೇ ಇದೆಯಲ್ಲ! ಊರಿನ ಕೂಲಿ ದರದಲ್ಲಿ, ಬ್ಯಾಂಕ್ ಖಾತೆಗೇ ಹಾಕಿದ ಸಂಬಳವನ್ನೂ ಗಂಡನ ಆದಾಯಕ್ಕೆ ಎಳೆದುಕೊಳ್ಳುವ ಅಗತ್ಯವೇನು?

2025ರ ಬಜೆಟ್ಟಿಗೆ ಮುಂಚೆ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಬೇಕಾದ ದಂಪತಿಗೆ ಜಂಟಿ ರಿಟರ್ನ್ ಸಲ್ಲಿಸಲು ಅವಕಾಶ ಕೊಡಿ ಎಂದು ಸಲಹೆ ಮಾಡಿತ್ತು. ಅದು ಬಂದರೆ ಬೇಡ ಅನ್ನುವುದಿಲ್ಲ. ಇಂಗ್ಲೆಂಡಿನ ಹಾಗೆ ಉಳಿದ ವಿನಾಯಿತಿಯ ಒಂದು ಪಾಲನ್ನು ಬಿಟ್ಟುಕೊಡಲು ಬಿಟ್ಟರೂ ಒಳ್ಳೆಯದೇ. ಆದರೆ ಅವೆರಡರಲ್ಲೂ ಉಳಿತಾಯ ಗಂಡನ ಕೈಗೆ ಬರುತ್ತದೆ, ಹೆಂಡತಿ ‘ಆದಾಯವಿಲ್ಲದವಳು’ ಆಗಿಯೇ ಉಳಿಯುತ್ತಾಳೆ. ನನಗೆ ಮೊದಲು ಬೇಕಾದದ್ದು ಸಂಬಳ ಆಕೆಯದೆಂದು ಒಪ್ಪುವ ತಿದ್ದುಪಡಿ. ಆಗ ಆಕೆಯ ನಾಲ್ಕು ಲಕ್ಷ ಯಾರಿಗೂ ವರ್ಗವಾಗಬೇಕಿಲ್ಲ, ಆಕೆಯ ಹೆಸರಲ್ಲೇ ಬಳಕೆಯಾಗುತ್ತದೆ. ಬ್ಯಾಂಕಿನಲ್ಲಿ ಸಾಲ ಕೇಳಲು ಆಕೆಯದೇ ಒಂದು ರಿಟರ್ನ್ ಇರುತ್ತದೆ.

ಯಜಮಾನರಿಗೆ ಇದನ್ನೆಲ್ಲ ವಿವರಿಸುತ್ತಿದ್ದಾಗ ಆಕೆ ಕೈಯಲ್ಲಿದ್ದ ಕಾಯಿ ಹಿಡಿದುಕೊಂಡೇ ಕೇಳಿಸಿಕೊಂಡರು. ಆಮೇಲೆ, ‘ಹಂಗಾದ್ರೆ ನಂಗೂ ಒಂದು ಪಾಸ್‌ಬುಕ್ ಮಾಡ್ಸಿ’ ಅಂದರು, ಗಂಡನ ಕಡೆ ತಿರುಗಿ.