ಕೇಳಿ ಉಣ್ಣಿರಿ, ಓದಿ ಕೊಳ್ಳಿರಿ

ಮಕ್ಕಳು ನೆಲೆಸಿದ ಊರಿಗೆ ತಂದೆತಾಯಿಗಳು ಹೋಗಿ ನಾಲ್ಕು ದಿನ ಇದ್ದು ಬರುವುದು ನಮ್ಮಲ್ಲಿ ಹೊಸತಲ್ಲ. ಹಿಂದೆ ಅದು ತುಮಕೂರಿಗೋ ದಾವಣಗೆರೆಗೋ ಆಗಿರುತ್ತಿತ್ತು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಮಗನ ಮನೆ ಸೇರಬಹುದಾಗಿತ್ತು. ಈಗ ಆ ಪಯಣ ಸಾಗರದಾಚೆಗೆ ಚಾಚಿದೆ. ನಮ್ಮ ಪಟ್ಟಂದೂರು ಅಗ್ರಹಾರವನ್ನೇ ನೋಡಬಹುದು. 1990ರ ದಶಕದಲ್ಲಿ ಊರ ಮಗ್ಗುಲಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತಲೆಯೆತ್ತಿತು; 2023ರ ಮಾರ್ಚ್‌ನಲ್ಲಿ ಊರಿನ ಹೆಸರನ್ನೇ ಹೊತ್ತ ಮೆಟ್ರೊ ನಿಲ್ದಾಣವೂ ತೆರೆಯಿತು. ಈ ಮೂರು ದಶಕಗಳಲ್ಲಿ ಇಲ್ಲಿಯ ಕಚೇರಿಗಳಲ್ಲಿ ಕಾಯಕ ಆರಂಭಿಸಿದ ಎಷ್ಟೋ ಮಕ್ಕಳು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಮನೆ ಮಾಡಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಗುವಿನ ಲಿಂಗಧಾರಣೆಗೆಂದೋ, ಬರಿದೇ ನೋಡಿ ಬರಲೆಂದೋ ಹಿರಿಯರು ಅಮೆರಿಕಕ್ಕೆ ಹೊರಡುತ್ತಾರೆ.

ಹೋಗಿ ಬಂದವರು ಅಲ್ಲಿಯ ರಸ್ತೆಗಳನ್ನೂ ಶುಚಿತ್ವವನ್ನೂ ಬಾಯ್ತುಂಬ ಹೊಗಳುತ್ತಾರೆ. ಆದರೆ "ಊಟ ಉಪಚಾರ ಹೇಗಿತ್ತು?" ಎಂದರೆ ದನಿ ತಗ್ಗುತ್ತದೆ. ಹೊರಗೆ ಹೋದಾಗ ಯಾವುದರಲ್ಲಿ ಏನು ಬೆರೆತಿದೆಯೋ ಎಂಬ ಅಂಜಿಕೆಯಿಂದ ಬಾಳೆಹಣ್ಣು ತಿಂದು ದಿನ ಕಳೆದವರಿದ್ದಾರೆ. ಪ್ರತಿಯೊಂದು ಬೆಲೆಯನ್ನೂ ರೂಪಾಯಿಗೆ ಗುಣಿಸಿ ನೋಡಿ, ಮೂರು ತಿಂಗಳು ಏನನ್ನೂ ಕೊಳ್ಳದೆ ಮರಳಿದವರಿದ್ದಾರೆ. ಮಗ ಸೊಸೆಯರಿಗೆ ಭಾರವಾಗಬಾರದೆಂದು ಇವರು ಬಾಯಿ ತೆರೆಯುವುದಿಲ್ಲ. "ಅತ್ತೆಯವರಿಗೆ ನಾವು ಮಾಡಿದ್ದು ಯಾವುದೂ ಹಿಡಿಸಲಿಲ್ಲ" ಎಂದು ಸೊಸೆ ಒಳಗೇ ನೊಂದುಕೊಳ್ಳುತ್ತಾಳೆ. ಪ್ರೀತಿಯಿಂದ ಕೂಡಬೇಕಾದ ದಿನಗಳು ಮೌನದಲ್ಲಿ ಸೊರಗುತ್ತವೆ.

ಇದಕ್ಕೆ ಮೂಲವಾದ ಒಂದು ಸಂಗತಿಯನ್ನು ಹೊರಡುವ ಮುನ್ನವೇ ತಿಳಿದಿರುವುದು ಒಳಿತು. ನಮ್ಮ ನಾಡಿನಲ್ಲಿ ಬೇರೆಯವರೇ ನಿಶ್ಚಯಿಸಿಕೊಡುವ ಮೂರು ವಿಷಯಗಳನ್ನು ಆ ನಾಡಿನಲ್ಲಿ ಕೊಳ್ಳುವವನ ಪಾಲಿಗೆ ಬಿಟ್ಟಿದ್ದಾರೆ. ಪೊಟ್ಟಣದ ಮೇಲೆ ಸಸ್ಯಾಹಾರದ ಗುರುತಿರುವುದಿಲ್ಲ. ನಮೂದಿಸಿದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಊಟದ ಬಿಲ್ಲಿನಲ್ಲಿ ಬಡಿಸಿದವನ ಪೂರ್ಣ ಕೂಲಿ ಸೇರಿರುವುದಿಲ್ಲ. ಆದುದರಿಂದ ಅಲ್ಲಿ ಕೇಳುವುದು ಅವಿನಯವಲ್ಲ, ಓದಿ ನೋಡುವುದು ಸಂಶಯ ಸ್ವಭಾವವಲ್ಲ. ಅಲ್ಲಿಯವರೂ ಹಾಗೆಯೇ ಬದುಕುತ್ತಾರೆ.

ಪಯಣದ ಗಂಟು

ಎಚ್ಚರಿಕೆ ವಿಮಾನದ ಊಟದಿಂದಲೇ ಆರಂಭವಾಗಬೇಕು. ಟಿಕೆಟ್ ಕೊಳ್ಳುವಾಗ "ಹಿಂದೂ ಮೀಲ್" ಎಂಬ ಹೆಸರು ಕಂಡು ಅದನ್ನೇ ಆರಿಸುವವರು ಹಲವರು. ವಿಮಾನ ಸಂಸ್ಥೆಗಳ ಪರಿಭಾಷೆಯಲ್ಲಿ ಅದು ಗೋಮಾಂಸವಿಲ್ಲದ ಊಟವೇ ಹೊರತು ಸಸ್ಯಾಹಾರವಲ್ಲ. ಅದರಲ್ಲಿ ಕೋಳಿ, ಕುರಿ, ಮೀನು ಇರಬಹುದು. ನಮ್ಮವರು ಕೇಳಬೇಕಾದದ್ದು "ಏಷ್ಯನ್ ವೆಜಿಟೇರಿಯನ್ ಮೀಲ್". ಅದರ ಸಂಕೇತ ಎ.ವಿ.ಎಂ.ಎಲ್. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು ಜೈನ ಊಟವನ್ನು, ಅಂದರೆ ವಿ.ಜೆ.ಎಂ.ಎಲ್. ಎಂಬುದನ್ನು ಕೇಳಬಹುದು. ಹೊರಡುವ ಒಂದೆರಡು ದಿನ ಮೊದಲೇ ಇದನ್ನು ನಮೂದಿಸಿರಬೇಕು. ವಿಮಾನ ಏರಿದ ಮೇಲೆ ಕೇಳಿದರೆ ಸಿಗುವ ಭರವಸೆಯಿಲ್ಲ.

ಚಟ್ನಿಪುಡಿ, ಹುಳಿಪುಡಿ, ಕಡಕ್ ರೊಟ್ಟಿಗಳನ್ನು ಗಟ್ಟಿಯಾಗಿ ಮುಚ್ಚಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು, ವಿಮಾನದ ಸರಕಿಗೆ ಕೊಡುವ ಪೆಟ್ಟಿಗೆಯಲ್ಲಿ ಇಡುವುದು ಉತ್ತಮ. ಉಪ್ಪಿನಕಾಯಿಯನ್ನು ದ್ರವವೆಂದು ಎಣಿಸುವುದರಿಂದ ಕೈಚೀಲಕ್ಕೆ ಹಾಕಬಾರದು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿಲಿಲೀಟರ್‌ಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಪ್ರತ್ಯೇಕ ತಪಾಸಣೆಯಾಗುತ್ತದೆಂಬ ನಿಯಮ 2018ರಿಂದ ಇದೆ. ವಿಭೂತಿಯ ಪುಡಿಗೂ ಇದು ಅನ್ವಯಿಸುತ್ತದೆ. ನಿತ್ಯಕ್ಕೆ ಬೇಕಾದ ಒಂದು ಗಟ್ಟಿಯನ್ನಷ್ಟೇ ಜೊತೆಯಲ್ಲಿ ಇಟ್ಟುಕೊಂಡರೆ ಸಾಕು. ಒಣಕೊಬ್ಬರಿಯ ಗಿಟುಕನ್ನು ಮನೆಯಲ್ಲೇ ಬಿಡಬೇಕು. ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದು ಸೇರಿದೆ.

ಹಸಿ ಕರಿಬೇವು, ಹಣ್ಣು, ತರಕಾರಿ, ಬಿತ್ತನೆಯ ಬೀಜಗಳನ್ನು ಒಯ್ಯಬಾರದು. ಕರಿಬೇವಿನ ಎಲೆಯಲ್ಲಿ ಬದುಕುವ ಒಂದು ಪುಟ್ಟ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ಮಾರಕವಾದ ರೋಗವನ್ನು ಹರಡುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿಯ ಕಿತ್ತಳೆ ತೋಟಗಳನ್ನು ಬಹುವಾಗಿ ಹಾಳುಗೆಡವಿತು. ಅವರ ಕಟ್ಟುನಿಟ್ಟು ನಮ್ಮ ಮೇಲಿನ ಅಪನಂಬಿಕೆಯಲ್ಲ, ಅವರ ರೈತನ ರಕ್ಷಣೆ. ಧಾನ್ಯ ಕೊರೆಯುವ ಹುಳದ ಭಯದಿಂದ ನಮ್ಮ ದೇಶದ ಅಕ್ಕಿಯನ್ನೂ ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ರಾಗಿಹಿಟ್ಟು ಯಥೇಚ್ಛವಾಗಿ ದೊರೆಯುವಾಗ ಹೊತ್ತೊಯ್ಯುವ ಅಗತ್ಯವೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಆಹಾರವಸ್ತು ತಂದಿದ್ದೀರಾ ಎಂದು ಅಲ್ಲಿಯ ಅಧಿಕಾರಿ ಕೇಳಿದರೆ "ಹೌದು" ಎನ್ನಬೇಕು. ಇದ್ದುದನ್ನು ಇದ್ದಂತೆ ಹೇಳಿದವರಿಂದ ನಿಷಿದ್ಧ ವಸ್ತುವನ್ನು ತೆಗೆದುಕೊಳ್ಳುತ್ತಾರೆ, ದಂಡ ವಿಧಿಸುವುದಿಲ್ಲ. ಮುಚ್ಚಿಟ್ಟವರಿಗೆ 10,000 ಡಾಲರ್‌ವರೆಗೂ ದಂಡ ಬೀಳಬಹುದು.

ಹಸಿರು ಚುಕ್ಕೆ ಇಲ್ಲದ ನಾಡು

ನಮ್ಮ ಅಂಗಡಿಗಳಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಕಂಡೊಡನೆ ಮನಸ್ಸು ನಿರಾಳವಾಗುತ್ತದೆ. ಅಮೆರಿಕದಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲೇಬೇಕು; ಕನ್ನಡಕ ಮರೆಯಬಾರದು.

ಕೆಲವು ಪದಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. "ಜೆಲಾಟಿನ್" ಎಂದರೆ ಪ್ರಾಣಿಯ ಮೂಳೆ ಚರ್ಮಗಳಿಂದ ತೆಗೆದ ಅಂಟು; ಮಾರ್ಷ್‌ಮ್ಯಾಲೋ ಎಂಬ ಮಕ್ಕಳ ಮಿಠಾಯಿಯಲ್ಲಿ ಮಾತ್ರವಲ್ಲದೆ ಕೆಲವು ಬಗೆಯ ಮೊಸರಿನಲ್ಲಿಯೂ ಇರುತ್ತದೆ. "ಲಾರ್ಡ್" ಎಂದರೆ ಹಂದಿಯ ಕೊಬ್ಬು. "ಬ್ರಾತ್", "ಸ್ಟಾಕ್" ಎಂದರೆ ಬೇಯಿಸಿದ ರಸ; ಅದರ ಹಿಂದೆ ಚಿಕನ್ ಅಥವಾ ಬೀಫ್ ಎಂದಿದ್ದರೆ ಬಿಟ್ಟುಬಿಡಿ. "ಆಂಚೊವಿ" ಎಂದರೆ ಮೀನು. "ರೆನೆಟ್" ಎಂಬುದು ಹಾಲನ್ನು ಗಟ್ಟಿಗೊಳಿಸಿ ಚೀಸ್ ಮಾಡಲು ಬಳಸುವ ವಸ್ತು. ಸಂಪ್ರದಾಯದಂತೆ ಅದನ್ನು ಕರುವಿನ ಜಠರದಿಂದ ತೆಗೆಯುತ್ತಾರೆ. "ವೆಜಿಟೇರಿಯನ್ ರೆನೆಟ್" ಅಥವಾ "ಮೈಕ್ರೋಬಿಯಲ್" ಎಂದಿದ್ದರೆ ಅಡ್ಡಿಯಿಲ್ಲ.

ಮೊಟ್ಟೆಯನ್ನೂ ಬಿಟ್ಟವರಿಗೆ ಒಂದು ಸುಲಭ ಉಪಾಯವಿದೆ. ಅಲರ್ಜಿ ತರುವ ಪದಾರ್ಥಗಳನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು ಅಲ್ಲಿ 2004ರಲ್ಲಿ ಮಾಡಿದ್ದಾರೆ. ಪದಾರ್ಥಗಳ ಪಟ್ಟಿಯ ಕೊನೆಯಲ್ಲಿ ಸಾಮಾನ್ಯವಾಗಿ "ಕಂಟೇನ್ಸ್" ಎಂಬ ಪದದೊಡನೆ ಹಾಲು, ಮೊಟ್ಟೆ, ಮೀನು, ಸಿಗಡಿಯಂಥವು, ಕಡಲೆಕಾಯಿ, ಗೋಧಿ, ಸೋಯಾ ಮುಂತಾದವುಗಳಲ್ಲಿ ಯಾವುದಿದೆಯೋ ಅದನ್ನು ಹೇಳಿರುತ್ತಾರೆ. 2023ರಿಂದ ಎಳ್ಳೂ ಸೇರಿದೆ. ಅಲ್ಲಿ "ಎಗ್", "ಫಿಶ್" ಎಂಬ ಪದಗಳನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯಿತು. ಮಾಂಸ ಮಾತ್ರ ಈ ಸಾಲಿನಲ್ಲಿ ಬರುವುದಿಲ್ಲ. ಅದಕ್ಕಾಗಿ ಮೇಲಿನ ಪಟ್ಟಿಯನ್ನೇ ಓದಬೇಕು. "ವೀಗನ್" ಎಂದು ಮುದ್ರಿಸಿದ್ದರೆ ಮಾಂಸ, ಮೀನು, ಮೊಟ್ಟೆ ಯಾವುದೂ ಇಲ್ಲವೆಂದು ತಿಳಿಯಬಹುದು. ಹಾಲು ತುಪ್ಪಗಳೂ ಅದರಲ್ಲಿರುವುದಿಲ್ಲ.

ಅಲ್ಲಿಯ ದಿನಾಂಕ ತಿಂಗಳಿನಿಂದ ಆರಂಭವಾಗುತ್ತದೆಂಬುದೂ ನೆನಪಿರಲಿ. ಹಾಲಿನ ಡಬ್ಬಿಯ ಮೇಲಿನ 03/04 ಎಂಬುದು ಮಾರ್ಚ್ 4, ಏಪ್ರಿಲ್ 3 ಅಲ್ಲ. ಒಂದು ಗ್ಯಾಲನ್ ಹಾಲು ಸುಮಾರು 3.8 ಲೀಟರ್; ಒಂದು ಪೌಂಡ್ ತರಕಾರಿ ಸುಮಾರು 454 ಗ್ರಾಂ.

ಹೋಟೆಲಿನ ಪಂಕ್ತಿಯಲ್ಲಿ

ಅಲ್ಲಿ "ವೆಜಿಟೇರಿಯನ್" ಎಂದರೆ ಬಹುಮಟ್ಟಿಗೆ ಮೊಟ್ಟೆ ತಿನ್ನುವವರೆಂದೇ ಅರ್ಥ. "ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್" ಎಂದು ಬಿಡಿಸಿ ಹೇಳುವುದೇ ಲೇಸು. ತರಕಾರಿ ಸೂಪಿಗೆ ಕೋಳಿಯ ರಸ ಹಾಕಿದ್ದಾರೆಯೇ ಎಂದು ಕೇಳಿರಿ. ಮೆಕ್ಸಿಕೋ ಪದ್ಧತಿಯ ಹೋಟೆಲಿನಲ್ಲಿ ಅನ್ನವನ್ನು ಕೋಳಿಯ ರಸದಲ್ಲಿ, ಬೀನ್ಸ್ ಕಾಳಿನ ಪಲ್ಯವನ್ನು ಲಾರ್ಡಿನಲ್ಲಿ ಮಾಡುವ ರೂಢಿಯುಂಟು. ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಚೀನೀ ಫ್ರೈಡ್ ರೈಸಿನಲ್ಲಿ ಮೊಟ್ಟೆ ಸಾಮಾನ್ಯ.

ಆಲೂಗಡ್ಡೆಯ ಕರಿದ ತುಂಡಿನಲ್ಲಿ ಏನಿರಲು ಸಾಧ್ಯ ಎನ್ನುವವರು ಒಂದು ಪ್ರಸಂಗವನ್ನು ತಿಳಿದಿರಬೇಕು. ಮೆಕ್‌ಡೊನಾಲ್ಡ್ಸ್ ಸಂಸ್ಥೆ 1990ರಲ್ಲಿ ದನದ ಕೊಬ್ಬನ್ನು ಬಿಟ್ಟು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಪ್ರಕಟಿಸಿತು. ಆದರೆ ಅಮೆರಿಕದಲ್ಲಿ ಆ ತುಂಡುಗಳಿಗೆ ಗೋಮಾಂಸದ ಸ್ವಾದಾಂಶ ಸೇರಿಸುತ್ತಿದ್ದುದು ಬಳಿಕ ಬೆಳಕಿಗೆ ಬಂತು. 2001ರಲ್ಲಿ ಸಿಯಾಟಲ್ ನಗರದ ವಕೀಲ ಹರೀಶ್ ಭಾರ್ತಿ ಅವರು ಹಿಂದೂಗಳ ಮತ್ತು ಸಸ್ಯಾಹಾರಿಗಳ ಪರವಾಗಿ ದಾವೆ ಹೂಡಿದರು. ಸಂಸ್ಥೆಯು ಕ್ಷಮೆ ಕೋರಿ, 1 ಕೋಟಿ ಡಾಲರ್ ನೀಡಲು 2002ರಲ್ಲಿ ಒಪ್ಪಿತು. ಕೆಲವರು ಕೇಳಿದ್ದರಿಂದಲೇ ಸತ್ಯ ಹೊರಬಂದಿತು.

ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ಟ್ಯಾಕೊ ಬೆಲ್ ಎಂಬ ಹೋಟೆಲುಗಳು 2015ರಲ್ಲಿ ತಮ್ಮ ಸಸ್ಯಾಹಾರದ ತಿನಿಸುಗಳಿಗೆ ಅಮೆರಿಕದ ಸಸ್ಯಾಹಾರಿ ಸಂಘದ ಪ್ರಮಾಣಪತ್ರ ಪಡೆದವು. ಆ ಸಂಘ ಮೊಟ್ಟೆಯನ್ನು ನಿಷೇಧಿಸುವುದಿಲ್ಲವಾದ್ದರಿಂದ ಅದೊಂದನ್ನು ಕೇಳಿಕೊಳ್ಳಬೇಕು. ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿರುವ ಗಣೇಶ ದೇವಾಲಯದ ಕ್ಯಾಂಟೀನಿನ ದೋಸೆ ಸುಪ್ರಸಿದ್ಧ. ನ್ಯೂಜೆರ್ಸಿಯ ಎಡಿಸನ್‌ನ ಓಕ್ ಟ್ರೀ ರಸ್ತೆ, ಷಿಕಾಗೊದ ಡೆವನ್ ಅವೆನ್ಯೂ, ಲಾಸ್ ಏಂಜಲೀಸ್ ಬಳಿಯ ಆರ್ಟೀಸಿಯಾ, ಇಲ್ಲೆಲ್ಲ ನಮ್ಮ ದೇಶದ ಅಂಗಡಿ ಹೋಟೆಲುಗಳ ಸಾಲೇ ಇದೆ. ಉತ್ತರ ಅಮೆರಿಕದ ವೀರಶೈವ ಸಮಾಜದ ಶಾಖೆಗಳೂ ಕನ್ನಡ ಕೂಟಗಳೂ ಹಲವು ನಗರಗಳಲ್ಲಿವೆ. ಅವುಗಳ ಕೂಟಕ್ಕೆ ಒಮ್ಮೆ ಹೋದರೆ ಊಟದೊಡನೆ ಊರಿನ ಮಾತೂ ದೊರೆಯುತ್ತದೆ.

ಅಲ್ಲಿ ಒಬ್ಬರಿಗೆಂದು ತಂದಿಡುವ ತಟ್ಟೆ ನಮ್ಮಲ್ಲಿ ಇಬ್ಬರಿಗೆ ಸಾಕಾಗುವಷ್ಟಿರುತ್ತದೆ. ಒಂದನ್ನು ತರಿಸಿ ಹಂಚಿಕೊಳ್ಳುವುದು ಅವಮಾನವಲ್ಲ. ಉಳಿದುದನ್ನು ಕಟ್ಟಿಸಿಕೊಳ್ಳಲು "ಬಾಕ್ಸ್" ಎಂದರೆ ಡಬ್ಬಿ ತಂದುಕೊಡುತ್ತಾರೆ. ಪ್ರಸಾದವನ್ನು ಚೆಲ್ಲಬಾರದೆಂದು ನಂಬಿದ ನಮಗೆ ಈ ಪದ್ಧತಿ ಒಪ್ಪುವಂಥದು.

ಬೆಲೆಯ ಲೆಕ್ಕ

ನಮ್ಮಲ್ಲಿ ಪೊಟ್ಟಣದ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಅಡಗಿರುತ್ತದೆ. ಅಲ್ಲಿ ತೆರಿಗೆಯನ್ನು ಹಣ ಕಟ್ಟುವಾಗ ಸೇರಿಸುತ್ತಾರೆ, ಅದೂ ರಾಜ್ಯ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಶೇ. 7.25, ಸ್ಥಳೀಯ ತೆರಿಗೆ ಸೇರಿ ಕೆಲವು ಊರುಗಳಲ್ಲಿ ಶೇ. 10 ದಾಟುತ್ತದೆ. ನ್ಯೂಜೆರ್ಸಿಯಲ್ಲಿ ಶೇ. 6.625, ಆದರೆ ಸಾಮಾನ್ಯ ಉಡುಪುಗಳಿಗೆ ತೆರಿಗೆಯಿಲ್ಲ. ಆರೆಗನ್, ಡೆಲವೇರ್ ಮೊದಲಾದ ಐದು ರಾಜ್ಯಗಳಲ್ಲಿ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ಅಂಗಡಿಯವ ಹೆಚ್ಚು ಕೇಳಿದನೆಂದು ಜಗಳ ಕಾಯುವ ಮುನ್ನ ಇದನ್ನು ನೆನೆಯಬೇಕು.

ಕುಳಿತು ಉಣ್ಣುವ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಇದನ್ನು ಕೇಳಿ ನಮ್ಮ ಹಿರಿಯರು ಹೌಹಾರುವುದುಂಟು. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ನಗದು ಕೂಲಿಯನ್ನು ಒಕ್ಕೂಟ ಸರ್ಕಾರದ ಕಾನೂನು ಗಂಟೆಗೆ 2.13 ಡಾಲರ್ ಎಂದು ನಿಗದಿಪಡಿಸಿದೆ; 1991ರಿಂದ ಅದು ಏರಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಪೂರ್ಣ ಕನಿಷ್ಠ ಕೂಲಿ ಕೊಡಿಸುತ್ತವೆ. ಹಲವೆಡೆ ಬಡಿಸುವವನ ಬದುಕು ಗಿರಾಕಿಯ ಕೈಯಲ್ಲಿದೆ. ಆದುದರಿಂದ ಅದು ದಾನವಲ್ಲ, ಭಕ್ಷೀಸೂ ಅಲ್ಲ. ಕಾಯಕಕ್ಕೆ ಸಲ್ಲಬೇಕಾದ ಕೂಲಿಯ ಪಾಲು. ದೊಡ್ಡ ಗುಂಪಾಗಿ ಹೋದಾಗ ಬಿಲ್ಲಿನಲ್ಲೇ ಅದನ್ನು ಸೇರಿಸಿರಬಹುದು, ನೋಡಿಕೊಳ್ಳಿರಿ. ನಾವೇ ಕೌಂಟರಿನಿಂದ ತಂದುಕೊಳ್ಳುವ ಕಡೆ ಯಂತ್ರದ ಪರದೆ ಟಿಪ್ಸ್ ಕೇಳಿದರೂ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಒಟ್ಟಿನಲ್ಲಿ ಮೆನುವಿನ ಬೆಲೆಗೆ ಕಾಲುಭಾಗ ಸೇರಿಸಿ ಎಣಿಸಿದರೆ ಸರಿಯಾಗುತ್ತದೆ: 40 ಡಾಲರಿನ ಊಟಕ್ಕೆ ಕೈಯಿಂದ ಹೋಗುವುದು ಸುಮಾರು 50.

ಉಡುಗೊರೆ ಕೊಳ್ಳುವಾಗಲೂ ಎಚ್ಚರ ಬೇಕು. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಅಲ್ಲಿ ಕೊಂಡ ಮಿಕ್ಸಿಯನ್ನು ಇಲ್ಲಿ ಹಾಕಿದರೆ ಸುಟ್ಟುಹೋದೀತು. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಭಯವಿಲ್ಲ. ಬಂಧುಗಳಿಗೆಂದು ವಿಟಮಿನ್ ಗುಳಿಗೆಗಳನ್ನು ತರುವವರು ಹೆಚ್ಚು. ಅವುಗಳ ಮೆದು ಹೊದಿಕೆ ಬಹುಪಾಲು ಜೆಲಾಟಿನ್ನಿನದೇ. ವ್ರತನಿಷ್ಠರಾದವರ ಕೈಗೆ ಅದನ್ನು ಅರಿಯದೆ ಕೊಡುವುದು ತರವಲ್ಲ.

ಕೊನೆಯದಾಗಿ ಗುಣಾಕಾರದ ಮಾತು. 5 ಡಾಲರಿನ ಕಾಫಿಯನ್ನು ರೂಪಾಯಿ ಮಾಡಿದರೆ ನಾಲ್ಕುನೂರು ದಾಟುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಮಗ ದುಡಿಯುವುದೂ ಡಾಲರಿನಲ್ಲಿ, ಬಾಡಿಗೆ ಕಟ್ಟುವುದೂ ಡಾಲರಿನಲ್ಲಿ. ಅವನ ಲೆಕ್ಕದಿಂದಲೇ ನೋಡಿದರೆ ಎರಡು ತಪ್ಪುಗಳೂ ತಪ್ಪುತ್ತವೆ: ಅವನು ಕುಬೇರನೆಂದು ಬಗೆಯುವುದಿಲ್ಲ, ಅವನು ಪ್ರೀತಿಯಿಂದ ಕೊಡಿಸಿದ ಕಾಫಿಯನ್ನು ನಿರಾಕರಿಸುವುದೂ ಇಲ್ಲ. ಮಕ್ಕಳಿಗೂ ಒಂದು ಕೋರಿಕೆ. ಹಿರಿಯರು ಬಂದ ಮೊದಲ ವಾರವೇ ಅವರನ್ನು ಅಂಗಡಿಗೆ ಕರೆದೊಯ್ದು ಲೇಬಲ್ ಓದುವುದನ್ನು ತೋರಿಸಿಕೊಡಿರಿ, ಕೈಗೆ ಸ್ವಲ್ಪ ಹಣ ಕೊಟ್ಟು ಅವರೇ ಕೊಳ್ಳುವಂತೆ ಮಾಡಿರಿ. ತನ್ನ ಆಹಾರವನ್ನು ತಾನೇ ಆರಿಸಿಕೊಳ್ಳಬಲ್ಲ ತಾಯಿ ನಿಮ್ಮ ಮನೆಯಲ್ಲಿ ಅತಿಥಿಯಂತೆ ಮುದುಡಿ ಕೂರುವುದಿಲ್ಲ. ಒಲೆಯ ಮುಂದೆ ನಿಂತು ನಿಮಗೇ ರೊಟ್ಟಿ ತಟ್ಟಿ ಬಡಿಸುತ್ತಾಳೆ.