ಕೊಳದ ಮೇಲ್ಮೈಯಿಂದ ಹೋಗುವ ಶಾಖ
ವಿಶ್ವವಿದ್ಯಾಲಯವೊಂದು ಪರಿಸರಸ್ನೇಹಿ ಕ್ರೀಡಾ ಕೇಂದ್ರ ಕಟ್ಟುತ್ತೇನೆ ಎಂದರೆ ಎಲ್ಲರ ಕಣ್ಣು ಚಾವಣಿಯ ಸೌರಫಲಕಗಳ ಮೇಲೆ. ನಾನು ಮೊದಲು ಕೇಳುವುದು ಈಜುಕೊಳದ ಬಗ್ಗೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯ 2022ರಲ್ಲಿ ತೆರೆದ ರಾವೆಲಿನ್ ಕ್ರೀಡಾ ಕೇಂದ್ರದಲ್ಲಿ 25 ಮೀಟರ್ ಉದ್ದದ, 8 ಲೇನ್‌ಗಳ ಕೊಳವಿದೆ. ಹಸಿರು ಕಟ್ಟಡಗಳಿಗೆ ಬ್ರಿಟನ್ನಿನಲ್ಲಿರುವ ಬ್ರೀಯಮ್ ಮಾನದಂಡದ ಅತ್ಯುನ್ನತ ದರ್ಜೆಯನ್ನೇ ಗುರಿಯಾಗಿಟ್ಟುಕೊಂಡು ಅದನ್ನು ರೂಪಿಸಿದರು. ಇಂಥ ಒಳಾಂಗಣ ಕೊಳದಲ್ಲಿ ಶಾಖ ಬಹುಪಾಲು ಹೋಗುವುದು ನೀರಿನ ಮೇಲ್ಮೈಯಿಂದ. ಒಂದು ಲೀಟರ್ ನೀರು ಆವಿಯಾದರೆ, ಅಷ್ಟೇ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದ ಶಾಖದ ಸುಮಾರು 7 ಪಟ್ಟು ಅದರ ಜೊತೆ ಹೋಗುತ್ತದೆ. ಆ ತೇವದ ಗಾಳಿಯನ್ನು ಶಾಖ ಹಿಂಪಡೆಯದೆ ಹೊರಗೆ ಬಿಟ್ಟರೆ ಚಾವಣಿಯಲ್ಲಿ ಎಷ್ಟು ಫಲಕ ಹಾಸಿಯೂ ಪ್ರಯೋಜನ ಅಲ್ಪ. 2022ರಲ್ಲೇ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ತೆರೆದ ಸೇಂಟ್ ಸಿಡ್‌ವೆಲ್ಸ್ ಪಾಯಿಂಟ್ ಈಜುಕೊಳ ಕೇಂದ್ರ (ಇದು ನಗರಾಡಳಿತದ್ದು) ಶಾಖ ಸೋರದಂತೆ ಕಟ್ಟುವ ಪ್ಯಾಸಿವ್‌ಹೌಸ್ ಪದ್ಧತಿಯದು. ಈ ಪದ್ಧತಿಯಲ್ಲಿ ಗೋಡೆ, ಗಾಜುಗಳ ಒಳಮೈ ಬೆಚ್ಚಗಿರುವುದರಿಂದ ಹನಿ ಕಟ್ಟುವ ಭಯ ಕಡಿಮೆ. ಒಳಗಿನ ಗಾಳಿಯಲ್ಲಿ ತೇವ ತುಸು ಹೆಚ್ಚಿದ್ದರೂ ನಡೆಯುತ್ತದೆ, ತೇವ ಹೆಚ್ಚಿದಷ್ಟೂ ನೀರು ಆವಿಯಾಗುವುದು ತಗ್ಗುತ್ತದೆ. ಎಷ್ಟು ಸರಳ, ಎಷ್ಟು ಚೆಂದದ ತರ್ಕ! ರಾತ್ರಿ ಕೊಳಕ್ಕೊಂದು ಹೊದಿಕೆ ಹಾಕುವುದೂ ನೀರು ಆವಿಯಾಗುವುದನ್ನು ತಗ್ಗಿಸಲೆಂದೇ. ಆದರೆ ರಾವೆಲಿನ್‌ನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಬೇರೆ: ಅದು ಊರಿನ ಜನರಿಗೂ ತೆರೆದಿದೆ. ವಿದ್ಯಾರ್ಥಿಗಳು ರಜೆಗೆ ಹೋದಾಗಲೂ ಕೊಳವನ್ನು ಬೆಚ್ಚಗಿಡಲೇಬೇಕಲ್ಲ. ಆ ಶಾಖ ಈಜಲು ಬರುವ ಅಜ್ಜ ಅಜ್ಜಿಯರಿಗೆ, ಮಕ್ಕಳಿಗೆ ಸಲ್ಲಲಿ.