ಪ್ಲೇಟುಳ್ಳ ಓಟದ ಬೂಟು

ಪರೇಲಿನ ಹೋಟೆಲುಗಳಲ್ಲಿ ದುಡಿಯುವ ನಮ್ಮ ತರುಣರು ಕೆಲವರು ಜನವರಿಯ ಮುಂಬಯಿ ಮ್ಯಾರಥಾನಿಗಾಗಿ ನಸುಕಿನಲ್ಲೆದ್ದು ವರ್ಲಿ ಸೀಫೇಸಿನವರೆಗೆ ಓಡುತ್ತಿರುವುದು ಸಂತೋಷದ ಸಂಗತಿ. ಅವರಲ್ಲೊಬ್ಬರು ಕಾರ್ಬನ್ ಪ್ಲೇಟುಳ್ಳ ಮೆತ್ತೆ ಬೂಟು ಕೊಳ್ಳಲು ಸಾಲ ಕೇಳಿ ನಮ್ಮಲ್ಲಿಗೆ ಬಂದರು. (ಪ್ಲೇಟೆಂದರೆ ನಮಗೆ ಮೊದಲು ನೆನಪಾಗುವುದು ಇಡ್ಲಿಯದೇ!) ಅಂತಹ ಕೆಲವು ಜೋಡಿಗಳ ಬೆಲೆ 20,000 ರೂಪಾಯಿ ಮುಟ್ಟುತ್ತದೆಯಂತೆ.

ಬೂಟಿನ ಗುಣವನ್ನು ಅಲ್ಲಗಳೆಯಲಾಗದು. 2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆಯವರು 42.195 ಕಿಲೋಮೀಟರು ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಕ್ರಮಿಸಿದ್ದು ಪ್ಲೇಟಿನ ಬೂಟು ತೊಟ್ಟೇ. ಮರುವರ್ಷ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು, ರಸ್ತೆ ಓಟದ ಬೂಟಿನ ಅಡಿ 40 ಮಿಲಿಮೀಟರನ್ನು ಮೀರಕೂಡದು, ಪ್ಲೇಟು ಒಂದೇ ಇರತಕ್ಕದ್ದು ಎಂದು ನಿಯಮಿಸಬೇಕಾಯಿತು. ಆದರೆ ಶ್ರಮವನ್ನು ಉಳಿಸುವುದು ಬರಿಯ ಪ್ಲೇಟಲ್ಲ, ಅದನ್ನು ಅಪ್ಪಿರುವ ಹಗುರಾದ ದಪ್ಪ ಫೋಮು. ಆ ಉಳಿತಾಯವೂ ವೇಗಿಗೆ ಹೆಚ್ಚು, ನಿಧಾನಿಗೆ ಕಡಿಮೆ. ದಿನನಿತ್ಯದ ದೂರದ ಅಭ್ಯಾಸವಾದರೋ ಬಹುಮಟ್ಟಿಗೆ ನಿಧಾನದ್ದೇ.

ಹತ್ತು ಗಂಟೆ ನಿಂತು ದುಡಿದ ಕಾಲಿಗೆ ಕಾಂಕ್ರೀಟು ರಸ್ತೆಯಲ್ಲಿ ಮೆತ್ತೆ ಬೇಕು, ಬಿಗಿ ಬೇಡ. ಬಿಗಿಯಾದ ಅಡಿಯಲ್ಲಿ ಬೆರಳುಗಳ ಬುಡ ಸರಿಯಾಗಿ ಬಾಗದೆ, ಭಾರವು ಪಾದದ ಬೇರೆಡೆಗೆ ಸರಿಯುತ್ತದೆ. ಇಂತಹ ಬೂಟು ತೊಟ್ಟ ಕೆಲವು ಓಟಗಾರರ ಪಾದದ ನಡುವಣ ಎಲುಬಿಗೆ ಗಾಯವಾದುದನ್ನು 2023ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಕಾಲು ಕೆಟ್ಟರೆ ಗುಮಾಸ್ತನಿಗೆ ಕುರ್ಚಿಯಾದರೂ ಉಂಟು. ಹೋಟೆಲಿನ ಮಾಣಿಗೆ ಏನುಂಟು?

ನಾವು ಸಾಲ ಕೊಡಲಿಲ್ಲ. ಪ್ಲೇಟಿಲ್ಲದ ಮೆತ್ತೆ ಬೂಟನ್ನು, ಪಾಳಿ ಮುಗಿದು ಪಾದ ಊದಿರುವ ಹೊತ್ತಿನಲ್ಲಿಯೇ ತೊಟ್ಟುನೋಡಿ ಕೊಳ್ಳುವಂತೆ ಹೇಳಿ ಕಳುಹಿಸಿದೆವು. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.